ಮನೆಗೆ ಬ್ರಾಡ್‌ಬ್ಯಾಂಡ್ ಅಂತರ್ಜಾಲ ಸಂಪರ್ಕ: ಸ್ವತಃ ಅಳವಡಿಸಿಕೊಳ್ಳುವ ವಿಧಾನ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿ ವೇತನ, ಪಹಣಿಯ ಪ್ರತಿ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಅನೇಕ ಸೇವೆಗಳಿಗೆ ನಾಗರಿಕರು ಇಂದು ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಈ ಸೌಲಭ್ಯವು ಉಪಯೋಗಕ್ಕೆ ಬರಬೇಕಾದರೆ ಮನೆಯಲ್ಲಿ ನಂಬಿಕೆಗೆ ಅರ್ಹವಾದ ಅಂತರ್ಜಾಲ ಸಂಪರ್ಕವಿರುವುದು ಅವಶ್ಯಕ. ಅರ್ಜಿಯ ಕೊನೆಯ ದಿನದಂದು ಸಂಪರ್ಕವು ನಿಂತುಹೋದಲ್ಲಿ ಅದರಿಂದಾಗುವ ನಷ್ಟವು ಅರ್ಜಿದಾರರದ್ದೇ ಆಗಿರುತ್ತದೆ. ಅನೇಕ ಸಂದರ್ಭಗಳಲ್ಲಿ ಸಡಿಲಗೊಂಡ ಒಂದು ಪ್ಲಗ್ ಅಥವಾ ತಪ್ಪಾಗಿ ನಮೂದಿಸಿದ ಒಂದು ಅಕ್ಷರವೇ ಇದಕ್ಕೆ ಕಾರಣವಾಗಿರುತ್ತದೆ. ಮತ್ತೆ ಕೆಲವು ಸಂದರ್ಭಗಳಲ್ಲಿ ದೋಷವು ಮನೆಯ ಹೊರಗಿದ್ದು, ಚಂದಾದಾರರು ದೂರು ನೀಡದೆ ಮನೆಯೊಳಗಿನ ಉಪಕರಣಗಳನ್ನು ಬಿಚ್ಚಿ ಜೋಡಿಸುವುದರಲ್ಲಿಯೇ ಕಾಲ ಕಳೆಯುತ್ತಾರೆ.

ಆದುದರಿಂದ, ಸಂಪರ್ಕದ ಯಾವ ಭಾಗವು ಸೇವೆ ಒದಗಿಸುವ ಸಂಸ್ಥೆಯ ಹೊಣೆ (ಇನ್ನು ಮುಂದೆ ‘ಸಂಸ್ಥೆ’), ಯಾವ ಭಾಗವು ಚಂದಾದಾರರ ಹೊಣೆ ಎಂಬುದನ್ನು ಸ್ಪಷ್ಟಪಡಿಸುವುದು ಮತ್ತು ಚಂದಾದಾರರು ತಮ್ಮ ಭಾಗವನ್ನು ತಾವೇ ಅಳವಡಿಸಿಕೊಳ್ಳುವ ಕ್ರಮವನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿದೆ. ಇಲ್ಲಿ ಯಾವುದೇ ಸಂಸ್ಥೆಯನ್ನು ಅಥವಾ ಉಪಕರಣವನ್ನು ಶಿಫಾರಸು ಮಾಡಿರುವುದಿಲ್ಲ.

1. ಬ್ರಾಡ್‌ಬ್ಯಾಂಡ್ ಎಂದರೇನು?

ನಿಗದಿತ ಕನಿಷ್ಠ ವೇಗಕ್ಕಿಂತ ಕಡಿಮೆಯಿಲ್ಲದಂತೆ, ಸದಾ ಚಾಲನೆಯಲ್ಲಿರುವ ಅಂತರ್ಜಾಲ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗುತ್ತದೆ. ಭಾರತದಲ್ಲಿ 2004ರ ಬ್ರಾಡ್‌ಬ್ಯಾಂಡ್ ನೀತಿಯು ಈ ಕನಿಷ್ಠ ವೇಗವನ್ನು 256 ಕೆಬಿಪಿಎಸ್ ಎಂದು ನಿಗದಿಪಡಿಸಿತ್ತು. 2013ರಲ್ಲಿ ಇದನ್ನು 512 ಕೆಬಿಪಿಎಸ್‌ಗೆ, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಹೆಚ್ಚಿಸಲಾಯಿತು.

ವೇಗವನ್ನು ಅಳೆಯುವ ಮಾನವು ‘ಬಿಟ್’ ಆಗಿದ್ದು, ಕಡತದ ಗಾತ್ರವನ್ನು ಅಳೆಯುವ ಮಾನವು ‘ಬೈಟ್’ ಆಗಿರುತ್ತದೆ. 8 ಬಿಟ್‌ಗಳು ಸೇರಿದರೆ 1 ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಒಂದು ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿಯಷ್ಟು ಮಾಹಿತಿ ಇಳಿಯುತ್ತದೆ. 40 ಎಂಬಿ ಇಳಿಯುವುದಿಲ್ಲ. ವೇಗ ಕಡಿಮೆಯಿದೆ ಎಂದು ದೂರುವ ಮುನ್ನ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ಅರ್ಜಿದಾರರಿಗೆ ಇಳಿಕೆಯ ವೇಗದಷ್ಟೇ ಏರಿಕೆಯ ವೇಗವೂ ಮುಖ್ಯ. ದಾಖಲೆಗಳ ಪ್ರತಿಗಳನ್ನು ಜಾಲತಾಣಕ್ಕೆ ಸೇರಿಸುವುದು ಏರಿಕೆಯ ವೇಗದಲ್ಲಿಯೇ. ಏರಿಕೆಯ ವೇಗ 1 ಎಂಬಿಪಿಎಸ್ ಇದ್ದಲ್ಲಿ 5 ಎಂಬಿ ಗಾತ್ರದ ದಾಖಲೆಗೆ ಕನಿಷ್ಠ 40 ಸೆಕೆಂಡು ಬೇಕಾಗುತ್ತದೆ.

2. ಸಂಪರ್ಕದ ಎರಡು ಭಾಗಗಳು

ಇಂದು ನೀಡಲಾಗುತ್ತಿರುವ ಬಹುಪಾಲು ಹೊಸ ಸಂಪರ್ಕಗಳು ಆಪ್ಟಿಕಲ್ ಫೈಬರ್ ಮೂಲಕ ಬರುತ್ತವೆ. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯಲ್ಲಿ ಮಾಹಿತಿಯು ಬೆಳಕಿನ ರೂಪದಲ್ಲಿ ಸಂಚರಿಸುತ್ತದೆ. ಸಂಸ್ಥೆಯ ಕೇಂದ್ರದಿಂದ ಹೊರಟ ಒಂದು ಎಳೆಯನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಾಧನದಿಂದ ಹಲವು ಮನೆಗಳಿಗೆ ಹಂಚಲಾಗುತ್ತದೆ. ಸ್ಪ್ಲಿಟರ್‌ಗೆ ವಿದ್ಯುತ್ ಬೇಕಾಗುವುದಿಲ್ಲ. ಮನೆಯಲ್ಲಿ ಈ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಒಎನ್‌ಟಿ ಎಂದು ಹೆಸರು. ರೂಢಿಯಲ್ಲಿ ಇದನ್ನೂ ‘ಮೋಡೆಮ್’ ಎಂದೇ ಕರೆಯುತ್ತಾರೆ.

(ಅ) ಸಂಸ್ಥೆಯ ಭಾಗ: ಕೇಂದ್ರದಿಂದ ಮನೆಯವರೆಗಿನ ಕೇಬಲ್, ಅದರ ಜೋಡಣೆಗಳು, ಹಾಗೂ ಸಂಸ್ಥೆಯೇ ನೀಡಿದ್ದಲ್ಲಿ ಒಎನ್‌ಟಿ.

(ಆ) ಚಂದಾದಾರರ ಭಾಗ: ಒಎನ್‌ಟಿಗೆ ವಿದ್ಯುತ್ ಪೂರೈಕೆ, ಅದರ ಲ್ಯಾನ್ ಕಿಂಡಿಯಿಂದ ಮುಂದಿನ ತಂತಿಗಳು, ಸ್ವಂತ ರೌಟರ್, ವೈ-ಫೈ, ಗಣಕಯಂತ್ರ ಮತ್ತು ಮೊಬೈಲ್‌ಗಳು.

ಒಎನ್‌ಟಿಯ ಲ್ಯಾನ್ ಕಿಂಡಿಯನ್ನು ಈ ಎರಡು ಭಾಗಗಳ ಗಡಿ ಎಂದು ತಿಳಿಯಬಹುದು. ಮುಂದೆ ಹೇಳಿರುವ ಪರೀಕ್ಷೆಗಳೆಲ್ಲವೂ ದೋಷವು ಈ ಗಡಿಯ ಯಾವ ಕಡೆಗಿದೆ ಎಂಬುದನ್ನು ಅರಿಯಲು ನೆರವಾಗುತ್ತವೆ.

3. ಅರ್ಜಿ ಸಲ್ಲಿಸುವ ಮುನ್ನ

ಸಂಪರ್ಕ ಪಡೆಯಲು ಗುರುತಿನ ಹಾಗೂ ವಿಳಾಸದ ದಾಖಲೆಗಳನ್ನು ಒದಗಿಸಬೇಕಾಗುತ್ತದೆ. ದಾಖಲೆಯ ಛಾಯಾಪ್ರತಿ ನೀಡುವಾಗ ಅದರ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಬರೆದು ಸಹಿ ಮಾಡುವುದು ಸೂಕ್ತ. ಸಂಪರ್ಕವು ಅದನ್ನು ನಿಜವಾಗಿ ಬಳಸುವವರ ಹೆಸರಿನಲ್ಲಿಯೇ ಇರತಕ್ಕದ್ದು.

ಒಪ್ಪಿಗೆ ನೀಡುವ ಮೊದಲು ಈ ಕೆಳಕಂಡ ಅಂಶಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು:

• ಇಳಿಕೆ ಮತ್ತು ಏರಿಕೆಯ ವೇಗಗಳು ಪ್ರತ್ಯೇಕವಾಗಿ ಎಷ್ಟು?
• ಮಾಸಿಕ ಬಳಕೆಗೆ ಮಿತಿಯಿದೆಯೇ? ಮಿತಿ ಮೀರಿದ ನಂತರ ವೇಗ ಎಷ್ಟಕ್ಕೆ ಇಳಿಯುತ್ತದೆ?
• ಅಳವಡಿಕೆ ಶುಲ್ಕ, ಭದ್ರತಾ ಠೇವಣಿ ಮತ್ತು ಉಪಕರಣದ ಬಾಡಿಗೆ ಎಷ್ಟು? ಠೇವಣಿಯನ್ನು ಯಾವಾಗ ಹಿಂದಿರುಗಿಸಲಾಗುತ್ತದೆ?
• ತಿಳಿಸಿರುವ ದರದಲ್ಲಿ ತೆರಿಗೆ ಸೇರಿದೆಯೇ? ಉದಾಹರಣೆಗೆ, ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ ಸೇರಿದಾಗ 499 ರೂಪಾಯಿಯ ಯೋಜನೆಗೆ 588 ರೂಪಾಯಿ 82 ಪೈಸೆ ಆಗುತ್ತದೆ.
• ಸ್ವಂತ ರೌಟರ್ ಬಳಸಲು ಅವಕಾಶವಿದೆಯೇ?

ಗ್ರಾಮೀಣ ಪ್ರದೇಶದ ಅರ್ಜಿದಾರರು ತಮ್ಮ ಗ್ರಾಮ ಪಂಚಾಯಿತಿಗೆ ಫೈಬರ್ ಸಂಪರ್ಕ ಬಂದಿದೆಯೇ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರಲ್ಲಿ ಅನುಮೋದನೆ ನೀಡಿತು. ಅದೇ ಯೋಜನೆಯು ಈಗ ಭಾರತ್‌ನೆಟ್ ಎಂಬ ಹೆಸರಿನಲ್ಲಿದೆ.

4. ಸಿಬ್ಬಂದಿಯು ಕೇಬಲ್ ಎಳೆಯುವ ದಿನ

ಫೈಬರ್ ಜೋಡಿಸುವ ಕೆಲಸಕ್ಕೆ ವಿಶೇಷ ಸಲಕರಣೆ ಬೇಕಾಗುವುದರಿಂದ ಅದನ್ನು ಸಂಸ್ಥೆಯ ಸಿಬ್ಬಂದಿಯೇ ಮಾಡತಕ್ಕದ್ದು. ಆದರೆ ಒಎನ್‌ಟಿ ಇರಿಸುವ ಸ್ಥಳವನ್ನು ಚಂದಾದಾರರು ಮೊದಲೇ ನಿರ್ಧರಿಸಿಕೊಂಡಿರಬೇಕು. ಬಾಗಿಲ ಪಕ್ಕದಲ್ಲಿ ಸುಲಭವಾಗಿ ಸಿಕ್ಕಿದ ಮೂಲೆಯಲ್ಲಿ ಪೆಟ್ಟಿಗೆಯನ್ನು ಇರಿಸಿ ಹೋದರೆ ಒಳಗಿನ ಕೋಣೆಗಳಿಗೆ ವೈ-ಫೈ ತಲುಪದೇ ಇರಬಹುದು.

ಸ್ಥಳವನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳು:

• ಮನೆಯ ನಡುಭಾಗದಲ್ಲಿ, ನೆಲದಿಂದ ಎದೆಯೆತ್ತರಕ್ಕಿಂತ ಮೇಲೆ ಇರುವ ಸ್ಥಳವು ಉತ್ತಮ.
• ಕಬ್ಬಿಣದ ಬೀರುವಿನ ಒಳಗೆ, ದೂರದರ್ಶನದ ಹಿಂದೆ, ರೆಫ್ರಿಜರೇಟರ್ ಪಕ್ಕದಲ್ಲಿ ಅಥವಾ ದೊಡ್ಡ ಕನ್ನಡಿಯ ಎದುರು ಇರಿಸಬಾರದು.
• ಕಾಂಕ್ರೀಟ್ ಗೋಡೆ ಮತ್ತು ಕರಾವಳಿ, ಮಲೆನಾಡಿನ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳು ವೈ-ಫೈ ಅಲೆಗಳನ್ನು ಬಹಳವಾಗಿ ತಗ್ಗಿಸುತ್ತವೆ. ಇಂತಹ ಮನೆಗಳಲ್ಲಿ ಒಳಕೋಣೆಗೆ ಲ್ಯಾನ್ ತಂತಿಯನ್ನು ಎಳೆದು, ಅಲ್ಲಿ ಎರಡನೆಯ ರೌಟರ್ ಇರಿಸುವುದು ಸೂಕ್ತ.
• ಗಾಳಿಯಾಡುವ, ನೀರು ತಾಗದ, ಮಕ್ಕಳ ಕೈಗೆ ಎಟುಕದ ಸ್ಥಳವಾಗಿರಬೇಕು.

ಎಚ್ಚರಿಕೆ: ಫೈಬರ್‌ನ ತೆರೆದ ತುದಿಯನ್ನು ಎಂದಿಗೂ ಕಣ್ಣಿನ ನೇರಕ್ಕೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ. ಕಾಣಿಸದಿದ್ದರೂ ಕಣ್ಣಿಗೆ ಹಾನಿ ಉಂಟುಮಾಡಬಲ್ಲದು. ಕೇಬಲನ್ನು ಚೂಪಾಗಿ ಮಡಚುವುದಾಗಲಿ, ಕಿಟಕಿಯ ಬಾಗಿಲಿನ ಸಂದಿನಲ್ಲಿ ಸಿಕ್ಕಿಸುವುದಾಗಲಿ, ಅದರ ಮೇಲೆ ಮೊಳೆ ಬಡಿಯುವುದಾಗಲಿ ಮಾಡಬಾರದು. ಹೆಚ್ಚುವರಿ ಕೇಬಲನ್ನು ಅಂಗೈಯಷ್ಟು ಅಗಲದ ಸುರುಳಿಯಾಗಿ ಸುತ್ತಿ ಗೋಡೆಗೆ ತೂಗುಹಾಕತಕ್ಕದ್ದು.

ಸಿಬ್ಬಂದಿಯು ತೆರಳುವ ಮೊದಲು ಬಳಕೆದಾರರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಇದ್ದಲ್ಲಿ), ಗ್ರಾಹಕ ಸಂಖ್ಯೆ ಮತ್ತು ದೂರು ಕೇಂದ್ರದ ದೂರವಾಣಿ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳತಕ್ಕದ್ದು.

5. ಉಪಕರಣಗಳ ಜೋಡಣೆ

(1) ಒಎನ್‌ಟಿಗೆ ಅದರೊಂದಿಗೆ ಬಂದ ಅಡಾಪ್ಟರನ್ನೇ ಜೋಡಿಸಿ ಚಾಲೂ ಮಾಡಿರಿ.

(2) ಎರಡು ಮೂರು ನಿಮಿಷ ಕಾಯಿರಿ. ‘ಪಾನ್’ ದೀಪವು ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಬೇಕು. ‘ಎಲ್ಒಎಸ್’ ಎಂಬ ಕೆಂಪು ದೀಪವು ಆರಿರಬೇಕು.

(3) ಲ್ಯಾನ್ ಕಿಂಡಿಯಿಂದ ಗಣಕಯಂತ್ರಕ್ಕೆ ತಂತಿಯನ್ನು ಜೋಡಿಸಿರಿ. ತುದಿಯು ‘ಟಿಕ್’ ಎಂಬ ಶಬ್ದದೊಂದಿಗೆ ಕೂರಬೇಕು.

(4) ಗಣಕಯಂತ್ರದಲ್ಲಿ ಯಾವುದಾದರೂ ಜಾಲತಾಣವನ್ನು ತೆರೆದು ನೋಡಿರಿ. ತೆರೆದಲ್ಲಿ ಸಂಸ್ಥೆಯ ಭಾಗದ ಕೆಲಸವು ಪೂರ್ಣಗೊಂಡಿದೆ ಎಂದರ್ಥ. ತೆರೆಯದಿದ್ದಲ್ಲಿ 6ನೇ ಭಾಗದಲ್ಲಿ ಹೇಳಿದಂತೆ ಬಳಕೆದಾರರ ವಿವರಗಳನ್ನು ನಮೂದಿಸಬೇಕಾಗುತ್ತದೆ.

ತಂತಿಯ ಮೂಲಕ ಸಂಪರ್ಕ ದೃಢಪಟ್ಟ ನಂತರವೇ ವೈ-ಫೈ ಕಡೆಗೆ ಗಮನ ಹರಿಸತಕ್ಕದ್ದು. 100 ಎಂಬಿಪಿಎಸ್‌ಗಿಂತ ಹೆಚ್ಚಿನ ಯೋಜನೆ ಪಡೆದವರು ಒಎನ್‌ಟಿ, ರೌಟರ್ ಮತ್ತು ಗಣಕಯಂತ್ರಗಳ ಕಿಂಡಿಗಳು ಗಿಗಾಬಿಟ್ ದರ್ಜೆಯವೇ ಎಂಬುದನ್ನು ಪರಿಶೀಲಿಸಬೇಕು. ಒಂದು ಕಿಂಡಿಯು 100 ಎಂಬಿಪಿಎಸ್ ದರ್ಜೆಯದಾಗಿದ್ದರೂ ಅದರ ಮೂಲಕ ಅದಕ್ಕಿಂತ ಹೆಚ್ಚಿನ ವೇಗ ದೊರೆಯುವುದಿಲ್ಲ. ತಂತಿಯು ‘ಕ್ಯಾಟ್ 5ಇ’ ಅಥವಾ ಮೇಲ್ಪಟ್ಟ ದರ್ಜೆಯದಾಗಿರಲಿ. ಇದರ ಉದ್ದವು 100 ಮೀಟರ್ ಮೀರಬಾರದು.

ತಾಮ್ರದ ತಂತಿಯ ಸಂಪರ್ಕ ಉಳಿದಿರುವ ಮನೆಗಳಲ್ಲಿ: ಸ್ಥಿರ ದೂರವಾಣಿಯ ತಂತಿಯನ್ನು ಮೊದಲು ಸ್ಪ್ಲಿಟರ್‌ಗೆ ಜೋಡಿಸಿ, ಅದರ ಒಂದು ಕಿಂಡಿಯಿಂದ ದೂರವಾಣಿಗೆ, ಮತ್ತೊಂದರಿಂದ ಎಡಿಎಸ್ಎಲ್ ಮೋಡೆಮ್‌ಗೆ ತಂತಿ ನೀಡಬೇಕು. ಸ್ಪ್ಲಿಟರ್ ಇಲ್ಲದೆ ಜೋಡಿಸಿದಲ್ಲಿ ಮಾತಿನ ನಡುವೆ ಗೊರಗೊರ ಶಬ್ದ ಬರುವುದಲ್ಲದೆ, ಕರೆ ಬಂದಾಗಲೆಲ್ಲ ಅಂತರ್ಜಾಲ ಕಡಿದುಹೋಗಬಹುದು. ಗುಡುಗು ಮಿಂಚಿನ ಮಳೆ ಆರಂಭವಾಗುವ ಮುನ್ನ ಮೋಡೆಮ್‌ನಿಂದ ದೂರವಾಣಿ ತಂತಿ ಮತ್ತು ವಿದ್ಯುತ್ ಪ್ಲಗ್ ಎರಡನ್ನೂ ತೆಗೆದಿರಿಸತಕ್ಕದ್ದು. ಗಾಜಿನ ಎಳೆಯು ವಿದ್ಯುತ್ತನ್ನು ಒಯ್ಯುವುದಿಲ್ಲವಾದರೂ, ಫೈಬರ್ ಸಂಪರ್ಕವಿರುವವರೂ ಇಂತಹ ಮಳೆಗೆ ಮುನ್ನ ಅಡಾಪ್ಟರನ್ನು ತೆಗೆಯುವುದು ಕ್ಷೇಮಕರ.

6. ರೌಟರ್ ಹೊಂದಿಸುವ ಕ್ರಮ

ಗಣಕಯಂತ್ರದ ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಉಪಕರಣದ ಕೆಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುವ ವಿಳಾಸವನ್ನು ನಮೂದಿಸಿರಿ. ಅನೇಕ ಉಪಕರಣಗಳಲ್ಲಿ ಇದು 192.168.1.1 ಅಥವಾ 192.168.0.1 ಆಗಿರುತ್ತದೆ. ಅದೇ ಚೀಟಿಯಲ್ಲಿರುವ ಹೆಸರು ಮತ್ತು ಪಾಸ್‌ವರ್ಡ್ ನೀಡಿದಾಗ ಹೊಂದಾಣಿಕೆಯ ಪುಟವು ತೆರೆಯುತ್ತದೆ. ಈ ಪುಟವು ಉಪಕರಣದ ಒಳಗೇ ಇರುವುದರಿಂದ ಅಂತರ್ಜಾಲ ಇಲ್ಲದಿದ್ದಾಗಲೂ ತೆರೆಯುತ್ತದೆ.

‘ವ್ಯಾನ್’ ಎಂಬ ವಿಭಾಗದಲ್ಲಿ ಸಂಸ್ಥೆಯು ತಿಳಿಸಿದ ವಿಧಾನವನ್ನು ಆರಿಸಿರಿ. ‘ಪಿಪಿಪಿಒಇ’ ಎಂದಿದ್ದಲ್ಲಿ ಬಳಕೆದಾರರ ಹೆಸರು ಹಾಗೂ ಪಾಸ್‌ವರ್ಡ್ ನಮೂದಿಸಬೇಕು. ಇಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆ ಬೇರೆ ಎಂದು ಪರಿಗಣಿಸಲ್ಪಡುತ್ತವೆ. ಸೊನ್ನೆಯನ್ನೂ ‘ಓ’ ಅಕ್ಷರವನ್ನೂ ಅದಲುಬದಲು ಮಾಡಬಾರದು. ‘ಡಿಎಚ್‌ಸಿಪಿ’ ಎಂದಿದ್ದಲ್ಲಿ ಸಾಮಾನ್ಯವಾಗಿ ಯಾವುದೇ ವಿವರ ನೀಡುವ ಅಗತ್ಯವಿರುವುದಿಲ್ಲ. ವಿಲ್ಯಾನ್ ಸಂಖ್ಯೆಯನ್ನು ಊಹೆಯಿಂದ ನಮೂದಿಸಬಾರದು.

ಒಎನ್‌ಟಿಯ ಜೊತೆಗೆ ಸ್ವಂತ ರೌಟರನ್ನೂ ಜೋಡಿಸುವವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1 ಆಗಿದ್ದಲ್ಲಿ ಅವುಗಳ ನಡುವೆ ಗೊಂದಲ ಉಂಟಾಗಿ ಅಂತರ್ಜಾಲವು ದೊರೆಯದೇ ಹೋಗುತ್ತದೆ. ಇದಕ್ಕೆ ಸುಲಭ ಪರಿಹಾರವೆಂದರೆ, ಸ್ವಂತ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಎಂಬ ಸ್ಥಿತಿಗೆ ಬದಲಿಸುವುದು. ಆಗ ಅದು ಕೇವಲ ವೈ-ಫೈ ಹರಡುವ ಸಾಧನವಾಗಿ ಕೆಲಸ ಮಾಡುತ್ತದೆ. ಇಲ್ಲವೇ, ಒಎನ್‌ಟಿಯನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸುವಂತೆ ಸಂಸ್ಥೆಯನ್ನು ಕೋರಿ, ಬಳಕೆದಾರರ ವಿವರಗಳನ್ನು ಸ್ವಂತ ರೌಟರ್‌ನಲ್ಲಿಯೇ ನಮೂದಿಸಬಹುದು.

7. ವೈ-ಫೈ ಮತ್ತು ಅದರ ಭದ್ರತೆ

ಇಂದಿನ ಬಹಳಷ್ಟು ರೌಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆಗಳನ್ನು ದಾಟಿ ದೂರದವರೆಗೆ ತಲುಪುತ್ತದೆ, ಆದರೆ ವೇಗ ಕಡಿಮೆ. ಎರಡನೆಯದು ಹತ್ತಿರದಲ್ಲಿ ಹೆಚ್ಚು ವೇಗ ನೀಡುತ್ತದೆ. ವಸತಿ ಸಮುಚ್ಚಯಗಳಲ್ಲಿ ನೆರೆಮನೆಗಳ ವೈ-ಫೈಯಿಂದ ಅಡಚಣೆಯಾಗುತ್ತಿದ್ದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6 ಅಥವಾ 11ನೇ ಚಾನೆಲ್ ಆರಿಸಿ ನೋಡತಕ್ಕದ್ದು. ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ.

ಭದ್ರತೆಯಿಲ್ಲದ ವೈ-ಫೈಯಿಂದ ಆಗುವ ಅಪಾಯವನ್ನು ಲಘುವಾಗಿ ಪರಿಗಣಿಸಬಾರದು. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವ ಸ್ವಲ್ಪ ಮುನ್ನ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್, ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ರವಾನೆಯಾಗಿತ್ತು. ಅದನ್ನು ಕಳುಹಿಸದೇ ಇದ್ದರೂ ಆ ಮನೆಯ ನಿವಾಸಿಯು ತನಿಖೆಯನ್ನು ಎದುರಿಸಬೇಕಾಯಿತು. ಸಂಪರ್ಕವು ಯಾರ ಹೆಸರಿನಲ್ಲಿದೆಯೋ ಅವರನ್ನೇ ಮೊದಲು ವಿಚಾರಿಸಲಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ಚಂದಾದಾರರೂ ನೆನಪಿನಲ್ಲಿಡಬೇಕು.

ಆದ್ದರಿಂದ ಸಂಪರ್ಕ ಪಡೆದ ದಿನವೇ ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳತಕ್ಕದ್ದು:

• ಭದ್ರತಾ ವಿಧಾನವನ್ನು ‘ಡಬ್ಲ್ಯುಪಿಎ2’ ಅಥವಾ ‘ಡಬ್ಲ್ಯುಪಿಎ3’ ಎಂದು ಇರಿಸಿರಿ. ಹಳೆಯದಾದ ‘ಡಬ್ಲ್ಯುಇಪಿ’ ವಿಧಾನವನ್ನು ಸುಲಭವಾಗಿ ಭೇದಿಸಬಹುದಾದ್ದರಿಂದ ಅದನ್ನು ಬಳಸಬಾರದು.
• ವೈ-ಫೈ ಪಾಸ್‌ವರ್ಡ್ ಕನಿಷ್ಠ 12 ಅಕ್ಷರಗಳದ್ದಾಗಿರಲಿ. ಮೊಬೈಲ್ ಸಂಖ್ಯೆ, ಜನ್ಮ ದಿನಾಂಕ, ಮಕ್ಕಳ ಹೆಸರು ಬೇಡ.
• ಹೊಂದಾಣಿಕೆಯ ಪುಟದ ಪಾಸ್‌ವರ್ಡನ್ನೂ ಬದಲಾಯಿಸಿರಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಎಲ್ಲರಿಗೂ ತಿಳಿದಿರುವ ಸಾಧ್ಯತೆಯಿದೆ.
• ವೈ-ಫೈ ಹೆಸರಿನಲ್ಲಿ ಮನೆಯ ಸಂಖ್ಯೆ ಅಥವಾ ಮನೆಯವರ ಹೆಸರು ಸೂಚಿಸಬೇಡಿ.
• ‘ಡಬ್ಲ್ಯುಪಿಎಸ್’ ಹಾಗೂ ಹೊರಗಿನಿಂದ ನಿಯಂತ್ರಿಸುವ ಸೌಲಭ್ಯಗಳು ಅಗತ್ಯವಿಲ್ಲದಿದ್ದಲ್ಲಿ ಸ್ಥಗಿತಗೊಳಿಸಿರಿ.
• ಅತಿಥಿಗಳಿಗಾಗಿ ‘ಗೆಸ್ಟ್’ ವೈ-ಫೈ ಎಂಬ ಪ್ರತ್ಯೇಕ ಸೌಲಭ್ಯವಿದ್ದಲ್ಲಿ ಅದನ್ನೇ ನೀಡಿರಿ.

8. ದೋಷವು ಎಲ್ಲಿದೆ ಎಂದು ತಿಳಿಯುವ ಕ್ರಮ

ಸಂಪರ್ಕ ನಿಂತಾಗ ಗಾಬರಿಯಿಂದ ಎಲ್ಲ ತಂತಿಗಳನ್ನೂ ಕೀಳಬಾರದು. ಮೊದಲು ಒಎನ್‌ಟಿಯ ದೀಪಗಳನ್ನು ನೋಡಿರಿ.

• ಯಾವ ದೀಪವೂ ಉರಿಯುತ್ತಿಲ್ಲ: ವಿದ್ಯುತ್ ಅಥವಾ ಅಡಾಪ್ಟರ್ ದೋಷ. ಬೇರೆ ಪ್ಲಗ್‌ನಲ್ಲಿ ಪರೀಕ್ಷಿಸಿರಿ.
• ‘ಎಲ್ಒಎಸ್’ ಕೆಂಪಾಗಿ ಮಿನುಗುತ್ತಿದೆ: ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಮನೆಯೊಳಗೆ ಕೇಬಲ್ ಮಡಚಿಕೊಂಡಿದೆಯೇ ನೋಡಿರಿ. ಇಲ್ಲವಾದಲ್ಲಿ ದೋಷವು ಸಂಸ್ಥೆಯ ಭಾಗದಲ್ಲಿದ್ದು, ಕೂಡಲೇ ದೂರು ದಾಖಲಿಸಿರಿ.
• ‘ಪಾನ್’ ಮಿನುಗುತ್ತಲೇ ಇದೆ: ಬೆಳಕು ಬರುತ್ತಿದ್ದರೂ ಕೇಂದ್ರವು ಉಪಕರಣವನ್ನು ನೋಂದಾಯಿಸಿಕೊಂಡಿಲ್ಲ. ಇದೂ ಸಂಸ್ಥೆಯ ಭಾಗ.
• ‘ಪಾನ್’ ಸ್ಥಿರವಾಗಿದೆ, ಆದರೆ ಅಂತರ್ಜಾಲವಿಲ್ಲ: ಬಳಕೆದಾರರ ವಿವರ ಅಥವಾ ವಿಲ್ಯಾನ್ ಸಂಖ್ಯೆ ತಪ್ಪಾಗಿರಬಹುದು, ಇಲ್ಲವೇ ಶುಲ್ಕ ಬಾಕಿ ಇರಬಹುದು. ಎಲ್ಲವೂ ಸರಿಯಿದ್ದಲ್ಲಿ ದೂರು ದಾಖಲಿಸಿರಿ.
• ತಂತಿಯಲ್ಲಿ ಅಂತರ್ಜಾಲವಿದೆ, ವೈ-ಫೈಯಲ್ಲಿ ಇಲ್ಲ: ದೋಷವು ಮನೆಯೊಳಗಿನ ವೈ-ಫೈ ಹೊಂದಾಣಿಕೆಯಲ್ಲಿದೆ.

ವೇಗವನ್ನು ಪರೀಕ್ಷಿಸುವಾಗಲೂ ಇದೇ ನಿಯಮ ಅನ್ವಯಿಸುತ್ತದೆ. ಉಳಿದ ಮೊಬೈಲ್ ಹಾಗೂ ದೂರದರ್ಶನಗಳ ಸಂಪರ್ಕ ಕಡಿದು, ಒಂದು ಗಣಕಯಂತ್ರವನ್ನು ತಂತಿಯ ಮೂಲಕ ಒಎನ್‌ಟಿಗೆ ನೇರವಾಗಿ ಜೋಡಿಸಿ, ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ಪರೀಕ್ಷಿಸಿ ಬರೆದಿಡಿರಿ. ವೈ-ಫೈ ಮೂಲಕ ಅಳೆದ ವೇಗವನ್ನು ಸಂಸ್ಥೆಯು ಒಪ್ಪದೇ ಇರಬಹುದು. ತಂತಿಯ ಮೂಲಕ ಅಳೆದ ವೇಗವನ್ನು ತಳ್ಳಿಹಾಕುವುದು ಸುಲಭವಲ್ಲ.

ಉಪಕರಣವನ್ನು ಆರಿಸಿ ಅರ್ಧ ನಿಮಿಷದ ನಂತರ ಚಾಲೂ ಮಾಡುವುದರಿಂದ ಯಾವುದೇ ಹಾನಿಯಿಲ್ಲ. ಆದರೆ ಸಣ್ಣ ರಂಧ್ರದೊಳಗಿರುವ ‘ರೀಸೆಟ್’ ಗುಂಡಿಯನ್ನು ಒತ್ತಿ ಹಿಡಿದಲ್ಲಿ ಬಳಕೆದಾರರ ವಿವರ ಸಹಿತ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ. ವಿವರಗಳು ಕೈಯಲ್ಲಿ ಇಲ್ಲದಿದ್ದಾಗ ಈ ಗುಂಡಿಯನ್ನು ಒತ್ತಬಾರದು.

9. ದೂರು ಮತ್ತು ಮೇಲ್ಮನವಿ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ದೂರು ಪರಿಹಾರ ವಿನಿಯಮಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ಎರಡು ಹಂತದ ವ್ಯವಸ್ಥೆ ಇರುತ್ತದೆ.

ಮೊದಲ ಹಂತ: ಸಂಸ್ಥೆಯ ದೂರು ಕೇಂದ್ರ. ಇಲ್ಲಿ ದೂರು ನೀಡಿದಾಗ ದೂರಿನ ಸಂಖ್ಯೆಯನ್ನು ತಪ್ಪದೇ ಪಡೆಯತಕ್ಕದ್ದು. ಕೇಬಲ್ ಎಳೆದ ಸಿಬ್ಬಂದಿಯ ಮೊಬೈಲಿಗೆ ಕರೆ ಮಾಡಿ ತಿಳಿಸುವುದು ದೂರು ಎನಿಸುವುದಿಲ್ಲ. ಸಂಖ್ಯೆಯಿಲ್ಲದ ದೂರಿಗೆ ಮುಂದೆ ಯಾವ ಆಧಾರವೂ ಉಳಿಯುವುದಿಲ್ಲ.

ಎರಡನೆಯ ಹಂತ: ಪರಿಹಾರ ದೊರೆಯದಿದ್ದಲ್ಲಿ ಅಥವಾ ತೃಪ್ತಿಕರವಾಗಿರದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಮೇಲ್ಮನವಿಯನ್ನು 39 ದಿನಗಳೊಳಗೆ ಇತ್ಯರ್ಥಪಡಿಸಬೇಕಾಗಿರುತ್ತದೆ.

ನಿಯಂತ್ರಣ ಪ್ರಾಧಿಕಾರವು ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ ಎಂಬುದನ್ನು ಗಮನಿಸಿರಿ. ಗ್ರಾಹಕರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಸಂಪರ್ಕಿಸಬಹುದು. ದೂರಸಂಪರ್ಕ ಸೇವೆಯ ಗ್ರಾಹಕರು ಗ್ರಾಹಕ ನ್ಯಾಯ ವೇದಿಕೆಯ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪು ನೀಡಿದೆ.

10. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದ್ಯುತ್ ಕಡಿತವಾದಾಗ ಸಂಪರ್ಕ ಉಳಿಸಿಕೊಳ್ಳುವುದು ಹೇಗೆ?
ಉತ್ತರ: ಒಎನ್‌ಟಿ ಮತ್ತು ರೌಟರ್‌ಗೆ ಚಿಕ್ಕ ಯುಪಿಎಸ್ ಅಳವಡಿಸಬಹುದು. ಅದರ ವೋಲ್ಟ್, ಮೂಲ ಅಡಾಪ್ಟರ್ ಮೇಲೆ ಮುದ್ರಿತವಾಗಿರುವಷ್ಟೇ ಇರಬೇಕು. ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಸಂಸ್ಥೆಯ ಕೇಂದ್ರದಲ್ಲಿ ವಿದ್ಯುತ್ ಇರುವವರೆಗೆ ಸಂಪರ್ಕ ಮುಂದುವರಿಯುತ್ತದೆ.

ಪ್ರಶ್ನೆ: ಬಾಡಿಗೆ ಮನೆ ಖಾಲಿ ಮಾಡುವಾಗ ಏನು ಮಾಡಬೇಕು?
ಉತ್ತರ: ಸಂಪರ್ಕ ರದ್ದುಪಡಿಸಲು ಬರಹದಲ್ಲಿ ಕೋರಿ, ಸಂಸ್ಥೆಯ ಉಪಕರಣವನ್ನು ಹಿಂದಿರುಗಿಸಿ ರಸೀದಿ ಪಡೆಯಿರಿ. ತಮ್ಮ ಹೆಸರಿನ ಸಂಪರ್ಕವನ್ನು ಮುಂದಿನ ಬಾಡಿಗೆದಾರರಿಗೆ ಬಿಟ್ಟುಹೋಗಬಾರದು.

ಪ್ರಶ್ನೆ: ‘ನಿಮ್ಮ ಸಂಪರ್ಕ ಕಡಿತವಾಗಲಿದೆ, ಒಂದು ತಂತ್ರಾಂಶ ಹಾಕಿಕೊಳ್ಳಿ, ಒಟಿಪಿ ಹೇಳಿ’ ಎಂದು ಕರೆ ಬಂದರೆ?
ಉತ್ತರ: ಕರೆಯನ್ನು ನಿಲ್ಲಿಸಿ, ಬಿಲ್ಲಿನ ಮೇಲಿರುವ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸಿರಿ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ತಿಳಿಸಿರಿ.

ಪ್ರಶ್ನೆ: ಅರ್ಜಿಯ ಕೊನೆಯ ದಿನ ಸಂಪರ್ಕ ಕೆಟ್ಟರೆ?
ಉತ್ತರ: ಮೊಬೈಲ್‌ನ ಹಾಟ್‌ಸ್ಪಾಟ್ ಬಳಸಿ ಅರ್ಜಿಯನ್ನು ಪೂರ್ಣಗೊಳಿಸಬಹುದು, ಅಥವಾ ಸಂಬಂಧಪಟ್ಟ ಸೇವೆಯು ಲಭ್ಯವಿರುವ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರ ಅಥವಾ ನಾಡಕಚೇರಿಗೆ ತೆರಳಬಹುದು. ಆದರೂ ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸುವುದು ಶ್ರೇಯಸ್ಕರ.

ಗಮನಿಸಿ: ಬಳಕೆದಾರರ ವಿವರ, ಗ್ರಾಹಕ ಸಂಖ್ಯೆ ಮತ್ತು ದೂರು ಕೇಂದ್ರದ ಸಂಖ್ಯೆಗಳನ್ನು ಬರೆದ ಹಾಳೆಯನ್ನು ಕಾಗದದ ರೂಪದಲ್ಲಿಯೇ, ಮನೆಯವರೆಲ್ಲರಿಗೂ ತಿಳಿದಿರುವ ಆದರೆ ಹೊರಗಿನವರ ಕಣ್ಣಿಗೆ ಬೀಳದ ಸ್ಥಳದಲ್ಲಿ ಇರಿಸತಕ್ಕದ್ದು. ಸಂಪರ್ಕ ನಿಂತ ದಿನ, ಅಂತರ್ಜಾಲದಲ್ಲಿ ಮಾತ್ರ ಇರಿಸಿದ ಮಾಹಿತಿಯು ಕೈಗೆ ಸಿಗದೇ ಹೋಗಬಹುದು.